ಕಾಶೆವ್ವನ ಬಲಮಗ್ಗುಲ ಹೃದಯ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಬಿಟ್ಟಿತೆಂದರೆ ಹಸಿದವರ ಕಾಲು ತಾವಾಗಿಯೇ ಕಾಶೆವ್ವನ ಖಾನಾವಳಿಯ ಕಡೆ ತಿರುಗುತ್ತಿದ್ದವು. ಬಾಗಿಲ ಮೇಲೆ ಬೋರ್ಡು ಇರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಅದಕ್ಕೂ ಮೀರಿ ಕಾಶೆವ್ವನ ಗಂಟಲು, ಎರಡೂ ರಸ್ತೆಯಾಚೆಗೆ ಕೇಳುತ್ತಿದ್ದವು, ಅದೇ ಬೋರ್ಡು. "ಏ, ಅರ್ಧ ರೊಟ್ಟಿ ತಾಟಿನ್ಯಾಗ ಬಿಟ್ಟು ಎದ್ದಿಯಲ್ಲ, ನಿಮ್ಮವ್ವಗ ಫೋನ್ ಹಚ್ಚಲೇನು?" ಎಂದು ಆಕೆ ಗದರಿದರೆ ಮೀಸೆ ನೆರೆತ ಫಿಟ್ಟರನೂ ಮತ್ತೆ ಕೂತು ತಾಟು ಬಳಿಯುತ್ತಿದ್ದ.

ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು ಕಾಶೆವ್ವ. ಗಂಡ ಕಾರ್ಖಾನೆಯಲ್ಲಿದ್ದ. ಆತ ತೀರಿಕೊಂಡ ಮೇಲೆ ಆತನ ಇಬ್ಬರು ಗೆಳೆಯರಿಗೆ ರೊಟ್ಟಿ ಮಾಡಿ ಕೊಡಲು ಶುರುಮಾಡಿದ್ದು ಬೆಳೆದು ಖಾನಾವಳಿಯಾಯಿತು. ಮಗ ಈರೇಶ ಈಗ ಅದೇ ಕಾರ್ಖಾನೆಯಲ್ಲಿದ್ದಾನೆ. ಸೊಸೆ ಪೂರ್ಣಿಮಾ ಹಳಿಯಾಳದವಳು, ಶಾಲೆಯಲ್ಲಿ ಟೀಚರು. ವಯಸ್ಸು ಎಪ್ಪತ್ತು ದಾಟಿದರೂ ಒಲೆಯ ಮುಂದಿನ ಮಣೆಯನ್ನು ಕಾಶೆವ್ವ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ ಮಾತ್ರ ಏನೋ ಕೆಟ್ಟಿತು. ನಾಲ್ಕು ರೊಟ್ಟಿ ಬಡಿಯುವುದರೊಳಗೆ ಉಸಿರು ಮೇಲಕ್ಕೆ ಬರುತ್ತಿತ್ತು. ನೀರಿನ ಕೊಡ ಎತ್ತಿಕೊಂಡು ಹಿತ್ತಲಿನಿಂದ ಬರುವಾಗ ಮಧ್ಯದಲ್ಲಿ ನಿಂತು ಗೋಡೆ ಹಿಡಿಯಬೇಕಾಗುತ್ತಿತ್ತು. ಯಾರಾದರೂ ಕೇಳಿದರೆ ಒಲೆಯ ಹೊಗೆ ಎನ್ನುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ, ಊಟದವರು ತುಂಬಿ ಕೂತಿರುವಾಗಲೇ, ಕಡಲೆಹಿಟ್ಟಿನ ಝುಣಕದ ಪಾತ್ರೆ ಕೈಯಲ್ಲಿ ಹಿಡಿದಂತೆಯೇ ಕಣ್ಣು ಕತ್ತಲೆಗಟ್ಟಿ ಕುಸಿದಳು. ದಿನವೂ ಅಲ್ಲೇ ಉಣ್ಣುವ ಆಟೋದ ಪರಸಪ್ಪ ಕೈ ತೊಳೆಯದೆಯೇ ಆಕೆಯನ್ನು ಎತ್ತಿ ಆಟೋದಲ್ಲಿ ಕೂಡಿಸಿದ. ದಾರಿಯಲ್ಲಿ ಎಚ್ಚರವಾದ ಕಾಶೆವ್ವ ಮೊದಲು ಕೇಳಿದ್ದು, "ಝುಣಕ ಚೆಲ್ಲೇತೇನು?"

ಊರಿನ ದವಾಖಾನೆಯ ತರುಣ ಡಾಕ್ಟರು ಸ್ಟೆತಸ್ಕೋಪನ್ನು ಆಕೆಯ ಎಡ ಎದೆಗೆ ಹಚ್ಚಿದರು. ಹುಬ್ಬು ಗಂಟಿಕ್ಕಿ ಸ್ವಲ್ಪ ಮೇಲೆ ಹಚ್ಚಿದರು, ಸ್ವಲ್ಪ ಕೆಳಗೆ ಹಚ್ಚಿದರು.

"ಅವ್ವಾರ, ನಿಮ್ಮ ಎದಿಬಡಿತ ಸರಿಯಾಗಿ ಸಿಗವಲ್ದು," ಎಂದರು.

"ಹುಡುಕ್ರಿ, ಅಲ್ಲೇ ಎಲ್ಲೋ ಇರ್ತೈತಿ," ಎಂದಳು ಕಾಶೆವ್ವ. "ಮನಿ ಬಿಟ್ಟು ಎಲ್ಲಿಗೆ ಹೋದೀತು?"

ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ನೋಡಿ, ಉಲ್ಟಾ ತೆಗೆದಿದ್ದೀಯಲ್ಲ ಎಂದು ತೆಗೆದವನನ್ನು ವಾಪಸು ಕಳಿಸಿದರು. ಆತ ಮತ್ತೆ ತೆಗೆದ. ಮತ್ತೆ ಹಾಗೆಯೇ ಬಂತು. ಮೂರನೆಯ ಸಲ ಡಾಕ್ಟರೇ ಬಂದು ಪಕ್ಕದಲ್ಲಿ ನಿಂತು ತೆಗೆಸಿದರು. ಆಮೇಲೆ ಸ್ಟೆತಸ್ಕೋಪನ್ನು ನಿಧಾನವಾಗಿ ಆಕೆಯ ಬಲ ಎದೆಯ ಮೇಲಿಟ್ಟರು. ಅಲ್ಲಿತ್ತು ಹೃದಯ, ಲಬಡಬ ಎನ್ನುತ್ತ. ಲಬಡಬದ ನಡುವೆ ಗರಗಸ ಎಳೆದಂಥ ಇನ್ನೊಂದು ಸದ್ದೂ ಇತ್ತು. ಅದನ್ನು ಕೇಳಿದ ಡಾಕ್ಟರ ಮುಖದ ನಗು ಆರಿತು. ಆ ಸಂಜೆಯೇ ಹುಬ್ಬಳ್ಳಿಗೆ ಹೋಗಲು ಬರೆದುಕೊಟ್ಟರು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಶೈಲಾ ಎಂದು. ಕಟ್ಟಿದ ಕೂದಲು, ಕಾಲಲ್ಲಿ ಓಡುವವರ ಬೂಟು, ಮಾತು ಚುರುಕು. ಎರಡು ದಿನ ಎಲ್ಲ ಪರೀಕ್ಷೆ ಮಾಡಿಸಿ, ಕಾಶೆವ್ವನನ್ನೂ ಈರೇಶ ಪೂರ್ಣಿಮಾರನ್ನೂ ತಮ್ಮ ಕೋಣೆಯಲ್ಲಿ ಕೂಡಿಸಿಕೊಂಡರು.

"ಅವ್ವಾರ, ನಿಮ್ಮ ಹೃದಯ ಹುಟ್ಟಿದಾಗಿಂದ ಬಲಕ್ಕ ಐತಿ. ಅದೊಂದ ಅಲ್ಲ, ಯಕೃತ್ತು ಎಡಕ್ಕ, ಜಠರ ಬಲಕ್ಕ. ಕನ್ನಡಿಯಾಗ ನೋಡಿದಂಗ ಎಲ್ಲಾ ತಿರುವು ಮುರುವು. ಸಾವಿರಾರು ಮಂದಿಯೊಳಗ ಒಬ್ಬರಿಗೆ ಹಿಂಗ ಇರ್ತೈತಿ. ಇಷ್ಟು ವರ್ಷ ಯಾರೂ ಹೇಳಿಲ್ಲೇನು?"

"ಡಾಕ್ಟರ ಹಂತೇಕ ಹೋಗಾಕ ನನಗ ಪುರಸೊತ್ತು ಎಲ್ಲಿತ್ತರಿ? ಇವ ಹುಟ್ಟಿದ್ದೂ ಮನ್ಯಾಗ."

"ಅದರಿಂದ ಏನೂ ತ್ರಾಸಿಲ್ಲ ಬಿಡ್ರಿ. ತ್ರಾಸ ಇರೋದು ಬ್ಯಾರೆ ಕಡೆ," ಎಂದು ಶೈಲಾ ಒಂದು ಚಿತ್ರ ತೋರಿಸಿದರು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಕಡೆ ಒಂದು ಕವಾಟ ಇರುತ್ತದೆ. ಕಾಶೆವ್ವನ ಕವಾಟದ ಮೇಲೆ, ಗಡಸು ನೀರು ಕಾಸಿ ಕಾಸಿ ಹಂಡೆಯ ಒಳಗೆ ಬಿಳಿಯ ಪದರು ಕೂತಂತೆ, ಸುಣ್ಣ ಕೂತು ಗಟ್ಟಿಯಾಗಿತ್ತು. ಪೂರಾ ತೆರೆಯುವುದೇ ಇಲ್ಲ. ಸಣ್ಣ ಸಂದಿಯಿಂದ ರಕ್ತ ನೂಕಿ ನೂಕಿ ಹೃದಯ ದಣಿದಿತ್ತು. ಹೀಗೆಯೇ ಬಿಟ್ಟರೆ ಮುಂದಿನ ಬೇಸಿಗೆ ಕಾಣುವುದು ಕಷ್ಟ ಎಂಬುದನ್ನೂ ಡಾಕ್ಟರು ಮುಚ್ಚಿಡಲಿಲ್ಲ.

"ಎದಿ ಕೊಯ್ದು ಹೊಸಾದು ಹಾಕಬಹುದು. ಆದ್ರ ನಿಮ್ಮ ವಯಸ್ಸಿಗೆ, ಹೊಗಿ ಕುಡಿದ ಪುಪ್ಪುಸಕ್ಕ ಅದು ಭಾರ ಆಗ್ತೈತಿ. ಇನ್ನೊಂದು ದಾರಿ ಐತಿ. ತೊಡಿ ಸಂದಿಯೊಳಗಿನ ರಕ್ತನಾಳಕ್ಕ ಸಣ್ಣ ತೂತು ಮಾಡಿ, ಒಂದು ತೆಳು ನಳಿಗಿ ಒಳಗಿಂದ ಒಳಗ ಹೃದಯದ ತನಕ ಒಯ್ಯೋದು. ಹೊಸಾ ಕವಾಟ ಛತ್ರಿ ಮಡಚಿದಂಗ ಅದರ ತುದಿಗೆ ಇರ್ತೈತಿ. ಅಲ್ಲಿ ಹೋಗಿ ಬಿಚ್ಚಿಕೊಂಡು, ಹಳೇದನ್ನ ಗ್ವಾಡಿಗೆ ಒತ್ತಿ ಕುಂದರತೈತಿ. ಹೊಲಿಗಿ ಇಲ್ಲ ಅಂದ್ರೂ ನಡೀತೈತಿ."

"ಹಂಗಾರ ಮಾಡ್ರಲ್ಲ, ತಡ ಯಾಕ?" ಎಂದ ಈರೇಶ.

ಶೈಲಾ ಚಿತ್ರವನ್ನು ಬದಿಗಿಟ್ಟು ಹೇಳಿದರು. "ಈ ಕೆಲಸ ನಾವು ಬಾಳ ಸಲ ಮಾಡೇವಿ. ಆದ್ರ ಬಲಕ್ಕಿರೋ ಹೃದಯದಾಗ ಒಮ್ಮೆನೂ ಮಾಡಿಲ್ಲ. ರಕ್ತನಾಳದ ತಿರುವು ಎಲ್ಲಾ ಆ ಕಡೆ. ನಮ್ಮ ನಳಿಗಿಗಳ ಬಾಗು ಈ ಕಡೆ. ನಾ ಸುಳ್ಳು ಹೇಳಂಗಿಲ್ಲ ಅವ್ವಾರ, ಇಂಥಾದ್ದು ನಾ ಮಾಡಿಲ್ಲ."

"ನಾನೂ ಮಾಡಿಸ್ಕೊಂಡಿಲ್ಲ," ಎಂದಳು ಕಾಶೆವ್ವ.

ಶೈಲಾ ನಕ್ಕುಬಿಟ್ಟರು. ಈ ಹುಡುಗಿ ತನಗೆ ಸರಿ ಎಂದು ಕಾಶೆವ್ವನಿಗೆ ಅನಿಸಿದ್ದು ಆಗಲೇ.

ಆದರೂ ಆ ಮಧ್ಯಾಹ್ನ ಹಾಸಿಗೆಯಲ್ಲಿ ಒಬ್ಬಳೇ ಮಲಗಿದಾಗ ಆಕೆಗೆ ಹೆದರಿಕೆಯಾಯಿತು. ಬಲ ಎದೆಯ ಮೇಲೆ ಕೈ ಇಟ್ಟುಕೊಂಡಳು. ಎಲ್ಲರಿಗೂ ಅಲ್ಲೇ ಬಡಿಯುತ್ತದೆ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದಳು. ಈರೇಶ ಕೂಸಾಗಿದ್ದಾಗ ಅವನನ್ನು ಬಲ ಮಗ್ಗುಲಿಗೇ ಎತ್ತಿಕೊಳ್ಳುತ್ತಿದ್ದಳು. ಅಲ್ಲಿ ತಲೆಯಿಟ್ಟರೆ ಮಾತ್ರ ಅವನು ಅಳು ನಿಲ್ಲಿಸುತ್ತಿದ್ದ. ಕೆಲಸಕ್ಕೆ ಬಲಗೈ ಬೇಡವೇನೆ ಎಂದು ಅತ್ತೆ ಬೈಯುತ್ತಿದ್ದಳು. ಕೂಸಿಗೆ ಗೊತ್ತಿದ್ದದ್ದು ದೊಡ್ಡವರಿಗೆ ಗೊತ್ತಿರಲಿಲ್ಲ. ಕಾಶೆವ್ವ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ನಿದ್ದೆಯೂ ಬಂತು.

ಮರುದಿನ ಹೊಸ ತೊಡಕು ಎದ್ದಿತು. ತಾನಿಲ್ಲದಾಗ ಖಾನಾವಳಿ ನೋಡುವವರು ಯಾರು? ಪೂರ್ಣಿಮಾಳೂ ಈರೇಶನೂ ರಜೆ ಹಾಕಿ ಆಸ್ಪತ್ರೆಯಲ್ಲಿರಬೇಕು. ಬಾಗಿಲು ಹೀಗೆಯೇ ಮುಚ್ಚಿದ್ದರೆ ಕಾರ್ಖಾನೆಯ ಮಂದಿ ಎಲ್ಲಿ ಉಣ್ಣಬೇಕು? "ಯಾರರೆ ಸಿಗೋ ತನಕ ನಾ ಏನೂ ಮಾಡಿಸ್ಕೊಳ್ಳಂಗಿಲ್ಲ," ಎಂದು ಕಾಶೆವ್ವ ಹಟ ಹಿಡಿದಳು. ಈರೇಶ ತಲೆ ಚಚ್ಚಿಕೊಂಡ. ಪೂರ್ಣಿಮಾ ಮಾತ್ರ ಫೋನು ಹಿಡಿದು ಹೊರಗೆ ಹೋದಳು.

ಸಂಜೆಯ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಶಾಂತಾದೇವಿ ನಿಂತಿದ್ದರು. ಪೂರ್ಣಿಮಾಳ ತಾಯಿ, ಕಾಶೆವ್ವನ ಬೀಗತಿ. ಹಳಿಯಾಳದ ಪೇಟೆಯ ಕಿರಾಣಿ ಅಂಗಡಿಯವರ ಮನೆ. ಇಸ್ತ್ರಿ ಮುರಿಯದ ಸೀರೆ, ಮೆಲುದನಿ. ಮಕ್ಕಳ ಮದುವೆಯಲ್ಲಿ ಶಾಂತಾದೇವಿ ತಾವೇ ನಿಂತು ಮಾಡಿಸಿದ ಸಾರನ್ನು ಉಂಡು ಕಾಶೆವ್ವ ತುಂಬಿದ ಪಂಕ್ತಿಯಲ್ಲಿ, "ಬೀಗರ, ಇದು ಸಾರೋ ಪಾನಕೋ?" ಎಂದು ಕೇಳಿದ್ದಳು. ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕಿದ್ದರು. ಶಾಂತಾದೇವಿ ನಕ್ಕಿರಲಿಲ್ಲ. ಅಂದಿನಿಂದ ಮಗಳನ್ನು ನೋಡಲು ಬಂದರೂ ಬುತ್ತಿ, ನೀರಿನ ಬಾಟಲಿ ಎರಡೂ ಹಳಿಯಾಳದಿಂದಲೇ ತರುತ್ತಿದ್ದರು.

"ಹೆಂಗದೀರಿ ಬೀಗರ?" ಎಂದರು ಶಾಂತಾದೇವಿ, ನಿಂತೇ.

"ಹಿಂಗದೀನಿ ನೋಡ್ರಿ. ಹೃದಯ ಉಲ್ಟಾ ಐತಂತ."

"ನನಗ ಮದಿವಿ ದಿನಾನ ಗೊತ್ತಾಗಿತ್ತು ಬಿಡ್ರಿ," ಎಂದರು ಶಾಂತಾದೇವಿ. ಪಕ್ಕದ ಹಾಸಿಗೆಯ ಮುಂಡಗೋಡದ ಹೊಳೆವ್ವ ಸೆರಗು ಬಾಯಿಗೊತ್ತಿ ನಕ್ಕಳು. ಶಾಂತಾದೇವಿ ಮುಂದುವರಿಸಿದರು. "ಪೂರ್ಣಿ ಎಲ್ಲಾ ಹೇಳ್ಯಾಳ. ನಾಳಿಂದ ಖಾನಾವಳಿ ನಾ ನೋಡ್ಕೋತೇನಿ."

ಕಾಶೆವ್ವ ಎದ್ದೇ ಕೂತಳು. "ನೀವಾ? ನಮ್ಮ ಗಿರಾಕಿ ಓಡಿ ಹೋಗ್ತಾರ!"

"ಓಡಿದ್ರ ಓಡ್ಲಿ. ನಿಮ್ಮನ್ನ ಕಳಕೊಂಡು ನನ್ನ ಮಗಳು ಅಳಬಾರದು. ಕೀಲಿ ಕೊಡ್ರಿ."

ಕಾಶೆವ್ವ ಸೊಂಟದಿಂದ ಕೀಲಿ ತೆಗೆದು ಕೊಟ್ಟಳು. ಕೊಟ್ಟ ಮೇಲೂ, ಹುಳಿ ಯಾವ ಡಬ್ಬಿಯಲ್ಲಿದೆ, ಯಾವ ಒಲೆ ಹೊಗೆಯುಗುಳುತ್ತದೆ ಎಂದು ಬೀಗತಿ ಲಿಫ್ಟಿನ ಬಾಗಿಲು ದಾಟುವವರೆಗೆ ಕೂಗಿ ಹೇಳುತ್ತಲೇ ಇದ್ದಳು.

ಮುಂದಿನ ದಿನಗಳಲ್ಲಿ ಶೈಲಾ ಮತ್ತವರ ಜೊತೆಯವರು ಸ್ಕ್ಯಾನು ನೋಡಿ ನೋಡಿ ಲೆಕ್ಕ ಹಾಕಿದರು. ಸ್ಕ್ಯಾನಿನಿಂದಲೇ ಕಾಶೆವ್ವನ ಹೃದಯದ ಪಡಿಯಚ್ಚೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ ತಂದರು. ಅದರೊಳಗೆ ನಳಿಗೆ ತೂರಿಸಿ ಅಭ್ಯಾಸ ಮಾಡಿದರು. ಒಂದು ದಿನ ಅದನ್ನು ತಂದು ಆಕೆಯ ಅಂಗೈಯಲ್ಲಿಟ್ಟರು.

"ಇಷ್ಟ ಐತೇನು?" ಕಾಶೆವ್ವನಿಗೆ ನಿರಾಸೆಯಾಯಿತು. "ಒಂದು ಕುಂಬಳಕಾಯಿಯಷ್ಟರೆ ಇರಬೇಕು ಅಂದ್ಕೊಂಡಿದ್ನಿ."

"ಕೆಲಸ ಕುಂಬಳಕಾಯಿಯಷ್ಟ ಕೊಟ್ಟೈತಿ ನಮಗ," ಎಂದರು ಶೈಲಾ. "ಕನ್ನಡಿ ನೋಡ್ಕೋತ ರಂಗೋಲಿ ಹಾಕಿದಂಗ ಆಗೇತಿ. ಕೈ ಹೇಳಿದ ಮಾತು ಕೇಳವಲ್ದು. ಆದ್ರ ಈಗ ಹದಕ್ಕ ಬಂದೈತಿ."

ಕವಾಟ ಹಾಕುವ ದಿನ ಬೆಳಿಗ್ಗೆ ಕಾಶೆವ್ವನನ್ನು ಒಳಗೆ ಒಯ್ದರು. ಲಿಂಗ ತೆಗೆಯುವುದಿಲ್ಲ ಎಂದು ಆಕೆ ಹೇಳಿದಾಗ ನರ್ಸು ಶೈಲಾರ ಮುಖ ನೋಡಿದಳು. ಎದೆಯ ಮೇಲಿದ್ದರೆ ಚಿತ್ರಕ್ಕೆ ಅಡ್ಡ ಬರುತ್ತದೆ ಎಂದ ಶೈಲಾ, ತಾವೇ ಅದನ್ನು ಬಟ್ಟೆಯಲ್ಲಿ ಸುತ್ತಿ ಆಕೆಯ ಮುಂಗೈಗೆ ಕಟ್ಟಿದರು. ಪೂರಾ ಮೈಮರೆಸುವ ಮದ್ದು ಬೇಕಾಗಿರಲಿಲ್ಲ. ಮಂಪರು ಬರುವಷ್ಟು ಕೊಟ್ಟು ತೊಡೆಯ ಹತ್ತಿರ ಸೂಜಿ ಚುಚ್ಚಿದರು. ಕೋಣೆ ತಣ್ಣಗಿತ್ತು. ತಲೆಯ ಪಕ್ಕದಲ್ಲಿ ದೊಡ್ಡ ಪರದೆ. ಅದರ ಮೇಲೆ ಬೂದು ಬಣ್ಣದಲ್ಲಿ ಏನೋ ಮಿಡುಕುತ್ತಿತ್ತು. ಅದು ತನ್ನದೇ ಎಂದು ಆಕೆಗೆ ಸ್ವಲ್ಪ ತಡವಾಗಿ ಹೊಳೆಯಿತು.

ಮೊದಮೊದಲು ಎಲ್ಲ ಸರಾಗ. ಆಮೇಲೆ ಮಾತು ಕಡಿಮೆಯಾದವು. ಮಂಪರಿನಲ್ಲೇ ಕಾಶೆವ್ವನಿಗೆ ಅದು ಕೇಳಿಸುತ್ತಿತ್ತು. ನಳಿಗೆಯೊಳಗಿನ ದಾರಿ ಹುಡುಕುವ ತಂತಿಗೆ ಕವಾಟದ ಸಂದಿ ಸಿಗುತ್ತಿರಲಿಲ್ಲ. ಒಮ್ಮೆ ಈ ಬದಿಗೆ ಬಡಿದು ವಾಪಸು, ಒಮ್ಮೆ ಆ ಬದಿಗೆ. "ಮತ್ತ ಅದೇ ಗ್ವಾಡಿಗೆ ಹೋತು," ಎಂದಿತು ಒಂದು ದನಿ. ಇನ್ನೊಬ್ಬರು ಹಿಂದೆ ಎಳೆಯೋಣವೇ ಎಂದು ಕೇಳಿದರು. ಶೈಲಾ ಬೇಡ ಎಂದರು. ಬೇರೆ ಬಾಗಿನ ನಳಿಗೆ ಕೇಳಿ ಇಸಿದುಕೊಂಡರು. ದಿನವೂ ತಿರುಗಿಸುವ ಕಡೆ ಬಿಟ್ಟು ಅದನ್ನು ಎದುರು ಕಡೆಗೆ, ಗಡಿಯಾರದ ಮುಳ್ಳಿಗೆ ವಿರುದ್ಧ, ನಿಧಾನ ನಿಧಾನವಾಗಿ ತಿರುಗಿಸಿದರು.

"ಅವ್ವಾರ, ಎಚ್ಚರ ಅದೀರಿ?"

"ಅದೀನ್ರೀ."

"ದಾರಿ ಸಿಗಾಕ ಹತ್ತೇತಿ. ಅಳ್ಳಾಡಬ್ಯಾಡ್ರಿ."

"ನೀವು ಗಡಿಬಿಡಿ ಮಾಡಬ್ಯಾಡ್ರಿ. ನನಗೇನು ಬಸ್ಸು ತಪ್ಪೂದಿಲ್ಲ."

ಮುಖಗವಸುಗಳ ಹಿಂದೆ ಯಾರೋ ನಕ್ಕರು. ಅಷ್ಟರಲ್ಲಿ ತಂತಿ ಸರಕ್ಕನೆ ಒಳಗೆ ಹೋಯಿತು. ಕೋಣೆಯಲ್ಲಿದ್ದ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು.

ಹೊಸ ಕವಾಟ ಬಿಚ್ಚುವ ಮೊದಲು ಹೃದಯವನ್ನು ಕೆಲವು ಕ್ಷಣ ಅತಿ ವೇಗವಾಗಿ ಬಡಿಯುವಂತೆ ಮಾಡುತ್ತೇವೆ, ತಲೆ ಹಗುರಾಗುತ್ತದೆ ಎಂದು ಶೈಲಾ ಮೊದಲೇ ಹೇಳಿದ್ದರು. ಹೇಳಿದ್ದಕ್ಕಿಂತ ಹೆಚ್ಚೇ ಆಯಿತು. ಬಲ ಎದೆಯಲ್ಲಿ ಹಕ್ಕಿಯೊಂದು ರೆಕ್ಕೆ ಬಡಿದಂತಾಗಿ, ಕಾಶೆವ್ವನಿಗೆ ಕೋಣೆ ದೂರ ಸರಿಯಿತು, ದನಿಗಳು ದೂರ ಸರಿದವು. ಮುಂಗೈ ಮೇಲಿನ ಗಂಟನ್ನು ಇನ್ನೊಂದು ಕೈಯಿಂದ ಹಿಡಿಯಬೇಕೆಂದುಕೊಂಡಳು, ಕೈ ಏಳಲಿಲ್ಲ. ಶಿವನೇ ಎಂದುಕೊಳ್ಳುವಷ್ಟರಲ್ಲಿ ಹಕ್ಕಿ ಸುಮ್ಮನಾಯಿತು. ಆಮೇಲೆ ಬಡಿತ ಮರಳಿತು. ಒಂದು, ಇನ್ನೊಂದು, ಮತ್ತೊಂದು, ದುಂಡಗೆ, ಬಿಡಿಬಿಡಿಯಾಗಿ. ಕೈಬೆರಳ ತುದಿಗೆ ಬಿಸಿ ಬಂತು. ಎದೆಯ ಮೇಲೆ ಬೇಸಿಗೆಯಿಡೀ ಕೂತಿದ್ದ ಚೀಲವನ್ನು ಯಾರೋ ಎತ್ತಿ ಬದಿಗಿಟ್ಟಂತಾಯಿತು.

"ಕುಂತಿತು!" ಎಂದರು ಶೈಲಾ. "ಅವ್ವಾರ, ಕುಂತಿತು. ಒಂದು ಹನಿ ಸೋರವಲ್ದು."

"ನಿಮ್ಮ ಕೈ ತಣ್ಣಗಿರ್ಲಿ," ಎಂದಳು ಕಾಶೆವ್ವ. "ಈಗ ಹಸಿವ್ಯಾಗಾಕ ಹತ್ತೇತಿ."

ಹೊರಗೆ ಕಾದಿದ್ದ ಈರೇಶ ಸುದ್ದಿ ಕೇಳಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಪೂರ್ಣಿಮಾ ಅವನ ಬೆನ್ನ ಮೇಲೆ ಕೈಯಿಟ್ಟು ತಾನೂ ಅತ್ತಳು, ಅಳುತ್ತಲೇ ಹಳಿಯಾಳ, ದಾಂಡೇಲಿ ಎಲ್ಲ ಕಡೆಗೂ ಫೋನು ಹಚ್ಚಿದಳು. ಖಾನಾವಳಿಯಲ್ಲಿ ಆ ದಿನ ಎಲ್ಲರಿಗೂ ಶಾಂತಾದೇವಿ ಹೋಳಿಗೆ ಬಡಿಸಿದರು ಎಂಬ ಸುದ್ದಿ ಸಂಜೆಗೆ ಬಂತು. ಕಾಶೆವ್ವ ಹಾಸಿಗೆಯಲ್ಲೇ ಹೊರಳಿದಳು. "ನನ್ನ ಖಾನಾವಳಿಯಾಗ ಹೋಳಿಗಿ? ಯಾರನ್ನ ಕೇಳಿ?"

ಇನ್ನೂ ಕೆಟ್ಟ ಸುದ್ದಿ ಮರುದಿನ ಪರಸಪ್ಪನ ಬಾಯಿಂದ ಬಂತು. ಫೋನಿನಲ್ಲಿ ಆತ ಸಂಕೋಚದಿಂದಲೇ ಹೇಳಿದ. "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಬೀಗರ ಸಾರು ಮಂದಿ ಎರಡೆರಡು ಸಲ ಹಾಕಿಸ್ಕೊಳ್ಳಾಕ ಹತ್ಯಾರ."

"ಯಾರವರು? ಹೆಸರು ಹೇಳು!"

"ಮೊದಲ ನಾನ ಅದೀನ್ರೀ."

ಕಾಶೆವ್ವ ಫೋನು ಇಟ್ಟು ಪೂರ್ಣಿಮಾಳ ಕಡೆ ತಿರುಗಿದಳು. "ನಿಮ್ಮವ್ವ ಊಟ ಎಲ್ಲಿ ಮಾಡ್ತಾಳ? ಬುತ್ತಿ ಹಳಿಯಾಳದಿಂದ ಬರ್ತೈತೇನು?"

"ಇಲ್ಲರಿ ಅತ್ತಿ. ಅಲ್ಲೇ ಉಣ್ತಾಳ. ನಿಮ್ಮ ಶೇಂಗಾ ಚಟ್ನಿ ಡಬ್ಬಿ ಅರ್ಧಾ ಮುಗಿಸ್ಯಾಳಂತ."

ಕಾಶೆವ್ವ ಕಾಲು ಕೆಳಗಿಟ್ಟು, ನರ್ಸಿನ ಕೈ ಹಿಡಿದು ಎದ್ದು ನಿಂತಳು. ವರಾಂಡದ ತುದಿಯವರೆಗೆ ನಡೆದಳು. ದಮ್ಮು ಹತ್ತಲಿಲ್ಲ. ನಂಬಿಕೆಯಾಗದೆ ಮತ್ತೊಮ್ಮೆ ನಡೆದಳು. ಸಂಜೆಯ ಹೊತ್ತಿಗೆ ಹೊಳೆವ್ವನನ್ನೂ ಎಬ್ಬಿಸಿಕೊಂಡು ನಡೆಯತೊಡಗಿದ್ದಳು. "ಆಕಿ ನನ್ನ ಗಿರಾಕಿ ಕಸಗೊಳ್ಳೂದ್ರಾಗ ನಾ ಊರು ಸೇರಬೇಕವ್ವಾ," ಎಂದು ದಾರಿಯುದ್ದಕ್ಕೂ ಹೇಳಿದಳು. ಬಂದು ನೋಡಿದ ಶೈಲಾ, ಇಂಥ ಔಷಧ ತಮ್ಮ ಬಳಿ ಇಲ್ಲ ಎಂದರು.

ವಾರ ತುಂಬುವ ಮೊದಲೇ ಕಾಶೆವ್ವ ಮನೆಗೆ ಬಂದಳು. ಕೆಲವು ದಿನ ಭಾರ ಎತ್ತಬಾರದು, ಒಲೆಯ ಮುಂದೆ ಕೂರಬಾರದು ಎಂದು ಕಟ್ಟಪ್ಪಣೆಯಾಗಿತ್ತು. ಹೊಗೆಯ ಒಲೆಗಳ ಜಾಗದಲ್ಲಿ ಆಗಲೇ ಗ್ಯಾಸಿನ ಒಲೆ ಬಂದಿದ್ದವು. ಶಾಂತಾದೇವಿ ಈರೇಶನ ಬೆನ್ನು ಬಿದ್ದು ಮಾಡಿಸಿದ್ದು. ಕಾಶೆವ್ವ ಅವುಗಳ ಸುತ್ತ ಒಂದು ಸಲ ತಿರುಗಿ ಬಂದಳು. ಕುರ್ಚಿ ಹಾಕಿಕೊಂಡು ಊಟದವರ ನಡುವೆಯೇ ಕೂತಳು. ಶಾಂತಾದೇವಿ ಆಕೆಯ ಮುಂದೆ ತಾಟಿಟ್ಟು, ಅನ್ನ ಬಡಿಸಿ, ಸಾರು ಹಾಕಿದರು. ಇಡೀ ಖಾನಾವಳಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿತು.

ಕಾಶೆವ್ವ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಅಗಿದಳು. ಎರಡನೆಯ ತುತ್ತೂ ಹೋಯಿತು.

"ಬೆಲ್ಲ ಎಷ್ಟು ಹಾಕೀರಿ?"

"ಹೇಳಂಗಿಲ್ಲ."

"ಖಾರ ನಂದ?"

"ಖಾರ ನಿಮ್ದ."

ಕಾಶೆವ್ವ ತಾಟನ್ನು ಮುಂದಕ್ಕೆ ಸರಿಸಿದಳು. "ಇನ್ನೊಂದ ಸೌಟು ಹಾಕ್ರಿ."

ಖಾನಾವಳಿಯಲ್ಲಿ ಎದ್ದ ಕೇಕೆಗೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನವರೂ ಇಣುಕಿದರು. ಶಾಂತಾದೇವಿ ಸೌಟು ಹಿಡಿದ ಕೈಯಿಂದಲೇ ಸೆರಗೆಳೆದು ಕಣ್ಣೊರೆಸಿಕೊಂಡರು. ಬಡಿಸುವ ನೆಪದಲ್ಲಿ ಬೀಗತಿಯ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ಹಳಿಯಾಳಕ್ಕೆ ಹೊರಡುವ ಮಾತನ್ನು ಅವರು ಎತ್ತಲಿಲ್ಲ. ಕೊನೆಗೆ ವಾರದಲ್ಲಿ ಮೂರು ದಿನ ಇಲ್ಲಿ, ಉಳಿದ ದಿನ ತಮ್ಮ ಮನೆ ಎಂದಾಯಿತು. ಜಗಳ ಮಾತ್ರ ಮೂರೂ ದಿನ ಇರುತ್ತಿತ್ತು, ಉಪ್ಪಿನಿಂದ ಹಿಡಿದು ಉಳ್ಳಾಗಡ್ಡಿಯವರೆಗೆ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಖಾನಾವಳಿಯ ಮುಂದೆ ಜೀಪು ನಿಂತಿತು. ಇಳಿದವರು ಶೈಲಾ, ಜೊತೆಗೆ ಡಾಕ್ಟರಿಕೆ ಓದುವ ನಾಲ್ವರು. ಕುಳಗಿಯ ಕಾಡು ನೋಡಲು ಹೊರಟವರು ಇಲ್ಲಿ ಊಟಕ್ಕೆ ಬಂದಿದ್ದರು. ಓದುವ ಹುಡುಗರ ಕಣ್ಣೆಲ್ಲ ಕಾಶೆವ್ವನ ಮೇಲೆಯೇ. ಒಬ್ಬಳು ಧೈರ್ಯ ಮಾಡಿ, "ಅಜ್ಜಿ, ಒಮ್ಮೆ ಕೇಳಬಹುದೇನ್ರಿ?" ಎಂದು ಕೊರಳಿನ ಸ್ಟೆತಸ್ಕೋಪು ಮುಟ್ಟಿದಳು.

"ಮೊದಲ ಊಟ, ಆಮ್ಯಾಲ ಹೃದಯ," ಎಂದಳು ಕಾಶೆವ್ವ.

ಊಟವಾಯಿತು. ಎಣ್ಣೆಗಾಯಿ ಮೂರು ಸಲ ಬಂತು. ಕಾಶೆವ್ವ ಒಳಕೋಣೆಯ ಮಂಚದ ಮೇಲೆ ಮಹಾರಾಣಿಯಂತೆ ಕೂತಳು. ಹುಡುಗರು ಸಾಲಿನಲ್ಲಿ ನಿಂತು ಬಲ ಎದೆಗೆ ಸ್ಟೆತಸ್ಕೋಪು ಹಚ್ಚಿ ಕೇಳಿದರು. ಗರಗಸದ ಸದ್ದು ಮಾಯವಾಗಿತ್ತು. ಒಬ್ಬೊಬ್ಬರ ಮುಖವೂ ಅರಳುವುದನ್ನು ನೋಡಿ ಆಕೆಗೆ ಹಬ್ಬವೆನಿಸಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಾಂತಾದೇವಿ ಮೆಲ್ಲಗೆ ಒಳಗೆ ಬಂದರು.

"ನಂದೂ ಒಂದೀಟು ನೋಡ್ರಿ."

ಶೈಲಾ ನೋಡಿದರು. "ಎಲ್ಲಾರಿಗೂ ಇರೋ ಕಡೇನ ಐತ್ರಿ. ಚೊಲೋ ಬಡೀತೈತಿ."

"ಅಷ್ಟ?" ಶಾಂತಾದೇವಿಯ ಮುಖ ಸಣ್ಣಗಾಯಿತು.

ಕಾಶೆವ್ವ ಮಂಚ ನಡುಗುವಂತೆ ನಕ್ಕಳು. ಎಷ್ಟು ಹೊತ್ತು ನಕ್ಕರೂ ಉಸಿರು ಕಡಿಮೆ ಬೀಳಲಿಲ್ಲ. ಅಷ್ಟರಲ್ಲಿ ಹೊರಗೆ ಪಾಳಿ ಬಿಟ್ಟವರ ಚಪ್ಪಲಿ ಸಪ್ಪಳ ಕೇಳಿತು. ತಾಟುಗಳು ಸದ್ದು ಮಾಡಿದವು. ಯಾರೋ ರೊಟ್ಟಿ ಎಂದು ಕೂಗಿದರು. ಕಾಶೆವ್ವ ಸೆರಗು ಸಿಕ್ಕಿಸಿಕೊಂಡು ಮಂಚದಿಂದ ಇಳಿದಳು. "ಬರ್ರಿ ಬೀಗರ, ನೀವು ಹಿಟ್ಟು ನಾದ್ರಿ, ನಾ ಬಡೀತೇನಿ," ಎನ್ನುತ್ತ ಒಲೆಯ ಕಡೆ ನಡೆದಳು.